10 ಜಿಬಿ ಹೋಸ್ಟಿಂಗ್ ತುಂಬಿದೆ, ಫೋಟೊ ಇರೋದು 2 ಜಿಬಿ. ಉಳಿದ ಜಾಗ ಎಲ್ಲಿ ಹೋಯ್ತು?

ನಿಮ್ಮ ಪ್ರಶ್ನೆ ಇಷ್ಟು: ಬಳ್ಳಾರಿಯಲ್ಲಿ ಜೀನ್ಸ್ ಹೋಲ್‌ಸೇಲ್ ವ್ಯಾಪಾರ, ವೂಕಾಮರ್ಸ್ (ವರ್ಡ್‌ಪ್ರೆಸ್‌ನಲ್ಲಿ ಅಂಗಡಿ ನಡೆಸುವ ಪ್ಲಗಿನ್) ಸೈಟು, 10 ಜಿಬಿ ಶೇರ್ಡ್ ಹೋಸ್ಟಿಂಗ್ ಪ್ಲಾನು. ಹೋಸ್ಟಿಂಗ್ ನಿರ್ವಹಿಸುವ ಸಿಪ್ಯಾನೆಲ್ 99% ತುಂಬಿದೆ ಅಂತ ತೋರಿಸುತ್ತಿದೆ, ಪಾರ್ಟಿಗಳ ಮೇಲ್ ವಾಪಸ್ ಹೋಗುತ್ತಿವೆ. ಹಳೇ ಡಿಸೈನ್‌ಗಳ ಫೋಟೊ ಅಳಿಸಬೇಕೋ, ದೊಡ್ಡ ಪ್ಲಾನ್ ತಗೋಬೇಕೋ? ಸದ್ಯಕ್ಕೆ ಎರಡೂ ಬೇಡ್ರಿ. ಫೋಟೊಗಳಿರುವ ಅಪ್‌ಲೋಡ್ಸ್ ಫೋಲ್ಡರ್ 2 ಜಿಬಿ ಅಂತ ನೀವೇ ಬರೆದಿದ್ದೀರಿ, ಮಿಕ್ಕಿದ್ದನ್ನು ಹುಡುಕೋಣ. ಅಲ್ಲಿವರೆಗೆ ವರ್ಡ್‌ಪ್ರೆಸ್ ಅಪ್‌ಡೇಟ್ ಒತ್ತಬೇಡಿ. ಜಾಗ ಸಾಲದೆ ಫೈಲ್‌ಗಳು ಅರ್ಧಕ್ಕೇ ನಿಂತರೆ ಸೈಟ್ ಮೇಂಟೆನೆನ್ಸ್ ಪುಟದಲ್ಲೇ ಸಿಕ್ಕಿಬೀಳಬಹುದು.

ಪ್ಯಾನೆಲ್‌ನಲ್ಲಿ ಎರಡು ಮಿತಿ ನೋಡಿ. ಡಿಸ್ಕ್ ಯೂಸೇಜ್ ಅಂದರೆ ತೂಕ, ಎಷ್ಟು ಜಿಬಿ ಅಂತ. ಫೈಲ್ ಯೂಸೇಜ್ ಅಥವಾ ಐನೋಡ್ ಅಂದರೆ ಎಣಿಕೆ, ಎಷ್ಟು ಫೈಲ್ ಅಂತ. 1 ಕೆಬಿ ಫೈಲೂ ಒಂದೇ, 1 ಜಿಬಿ ಫೈಲೂ ಒಂದೇ. 'ಅನ್‌ಲಿಮಿಟೆಡ್' ಅಂತ ಮಾರುವ ಪ್ಲಾನ್‌ಗಳಿಗೂ ಸಾಮಾನ್ಯವಾಗಿ ಈ ಎರಡನೇ ಮಿತಿ ಇರುತ್ತದೆ.

ಈಗ ಡಿಸ್ಕ್ ಯೂಸೇಜ್ ಪುಟ ತೆರೆದು ಫೋಲ್ಡರ್‌ಗಳನ್ನು ಗಾತ್ರದ ಪ್ರಕಾರ ಜೋಡಿಸಿ. ಇಂಥ ಸೈಟಿನಲ್ಲಿ ಮೊದಲ ಅನುಮಾನ ಬ್ಯಾಕಪ್ ಮೇಲೆ. ಬ್ಯಾಕಪ್ ಪ್ಲಗಿನ್ ಅಪ್‌ಡ್ರಾಫ್ಟ್‌ಪ್ಲಸ್ ತನ್ನ ಜಿಪ್‌ಗಳನ್ನು ಡಬ್ಲ್ಯೂಪಿ-ಕಾಂಟೆಂಟ್ ಒಳಗಿನ ಅಪ್‌ಡ್ರಾಫ್ಟ್ ಫೋಲ್ಡರ್‌ನಲ್ಲಿ ಇಡುತ್ತದೆ. ಸಿಪ್ಯಾನೆಲ್‌ನಿಂದ ವರ್ಡ್‌ಪ್ರೆಸ್ ಹಾಕಿಕೊಡುವ ಸಾಫ್ಟಾಕ್ಯುಲಸ್‌ನ ಬ್ಯಾಕಪ್ ಹೋಮ್ ಫೋಲ್ಡರ್‌ನಲ್ಲಿ ಬೇರೆಯಾಗಿ ಕೂತಿರುತ್ತದೆ. 2 ಜಿಬಿ ಫೋಟೊಗೆ ಮೂರು ಬ್ಯಾಕಪ್ ಅಂದರೆ 6 ಜಿಬಿ ಅಲ್ಲಿಗೇ ಮುಗೀತು. ಕೊನೆಯದನ್ನು ಕಂಪ್ಯೂಟರ್‌ಗೆ ಇಳಿಸಿಕೊಳ್ಳಿ, ಗಾತ್ರ ತಾಳೆ ನೋಡಿ, ಜಿಪ್ ತೆರೆಯುತ್ತದೆಯೇ ನೋಡಿ, ಆಮೇಲೆ ಅಳಿಸಿ. ಮುಂದಕ್ಕೆ ಗೂಗಲ್ ಡ್ರೈವ್‌ಗೆ ಹೋಗುವಂತೆ ಮಾಡಿ, ಎರಡು ಪ್ರತಿ ಸಾಕು, ಕಳಿಸಿದ ಮೇಲೆ ಸರ್ವರ್ ಪ್ರತಿ ತೆಗೆಯುವ ಆಯ್ಕೆಗೂ ಟಿಕ್ ಹಾಕಿ. ಡ್ರೈವ್‌ನ ಉಚಿತ 15 ಜಿಬಿ ಜಿಮೇಲ್‌ಗೂ ಸೇರಿದ್ದು, ಅದರ ಮೇಲೂ ಕಣ್ಣಿಡಿ.

ಅಳಿಸಿದರೂ ಅಂಕಿ ಇಳಿಯಲಿಲ್ಲ ಅಂತ ತುಂಬಾ ಜನ ಗಾಬರಿಯಾಗುತ್ತಾರೆ. ಫೈಲ್ ಮ್ಯಾನೇಜರ್‌ನಲ್ಲಿ ಅಳಿಸಿದ್ದು ಟ್ರಾಶ್‌ಗೆ ಹೋಗುತ್ತದೆ, ಅಲ್ಲಿದ್ದರೂ ನಿಮ್ಮ ಲೆಕ್ಕಕ್ಕೇ. ಟ್ರಾಶ್ ಖಾಲಿ ಮಾಡಲೇಬೇಕು.

ಎರಡನೆಯದು ಮೇಲ್. ಪ್ರತಿ ಮೇಲ್ ಒಂದು ಫೈಲ್, ಆದ್ದರಿಂದ ತೂಕ, ಎಣಿಕೆ ಎರಡೂ ಏರುತ್ತವೆ. 'ಇಮೇಲ್ ಡಿಸ್ಕ್ ಯೂಸೇಜ್'ನಲ್ಲಿ ಒಂದು ವರ್ಷಕ್ಕಿಂತ ಹಳೆಯದನ್ನು ಒಟ್ಟಿಗೆ ತೆಗೆಯಬಹುದು. ಬಿಲ್, ಜಿಎಸ್‌ಟಿ ಮೇಲ್‌ಗಳನ್ನು ಮೊದಲು ಇಳಿಸಿಟ್ಟುಕೊಳ್ಳಿ. ಯಾರೂ ತೆರೆಯದ ಡಿಫಾಲ್ಟ್ ಖಾತೆಯನ್ನು (ಸಿಪ್ಯಾನೆಲ್ ತಾನೇ ಮಾಡಿಟ್ಟ ಮೇಲ್ ಖಾತೆ) ಖಂಡಿತ ನೋಡಿ: ಕ್ರಾನ್ ಕೆಲಸ (ಹೊತ್ತಿಗೆ ತಾನಾಗಿ ನಡೆಯುವ ಕೆಲಸ) ನಡೆದಾಗಲೆಲ್ಲ ಬರುವ ವರದಿ, ತಪ್ಪು ವಿಳಾಸದ ಸ್ಪ್ಯಾಮ್ ಎಲ್ಲ ಅಲ್ಲಿ ರಾಶಿ ಬಿದ್ದಿರಬಹುದು. ಒಂದೇ ಮೇಲ್‌ಬಾಕ್ಸ್‌ನ ಕೋಟಾ ಏರಿಸಿ ಪ್ರಯೋಜನವಿಲ್ಲ, ಇಡೀ ಅಕೌಂಟೇ ತುಂಬಿದೆಯಲ್ಲ. ಬೌನ್ಸ್ ಆದ ಮೇಲ್ ತಾನಾಗಿ ಮರಳಿ ಬರುವುದಿಲ್ಲ; ಪಾರ್ಟಿಗಳಿಗೆ ಫೋನ್ ಮಾಡಿ ಇನ್ನೊಮ್ಮೆ ಕಳಿಸಲು ಹೇಳಿ.

ಮೂರನೆಯದು ಸೈಟಿನ ದೋಷಗಳನ್ನು ಬರೆದಿಡುವ ಫೈಲ್‌ಗಳು. ಎರರ್ ಲಾಗ್, ಡಿಬಗ್ ಲಾಗ್ ಅಳಿಸುವ ಮುಂಚೆ ಕೊನೆಯ ಇಪ್ಪತ್ತು ಸಾಲು ಓದಿ. ಯಾವ ಪ್ಲಗಿನ್ ಬರೆಯುತ್ತಿದೆಯೋ ಅದನ್ನು ಸರಿಪಡಿಸದಿದ್ದರೆ ಅದು ಮತ್ತೆ ಬೆಳೆಯುತ್ತದೆ.

ಸರಕು, ಆರ್ಡರ್ ಮಾಹಿತಿ ಇರುವ ಡೇಟಾಬೇಸ್ ಕೊನೆಗೆ. ಸಾಲುಗಳನ್ನು ಅಳಿಸಿದರೂ ಇನ್ನೊಡಿಬಿ (ಡೇಟಾಬೇಸ್ ಟೇಬಲ್‌ಗಳ ಒಂದು ಬಗೆ) ಟೇಬಲ್ ಕುಗ್ಗುವುದಿಲ್ಲ, ಡೇಟಾಬೇಸ್ ನೋಡುವ ಪಿಎಚ್‌ಪಿಮೈಅಡ್ಮಿನ್‌ನಲ್ಲಿ 'ಆಪ್ಟಿಮೈಜ್ ಟೇಬಲ್' ಕೊಡಬೇಕು. ಅದು ಟೇಬಲ್‌ನ ಹೊಸ ಪ್ರತಿ ಕಟ್ಟುವುದರಿಂದ ಸ್ವಲ್ಪ ಹೊತ್ತು ಅಷ್ಟೇ ಜಾಗ ಹೆಚ್ಚಿಗೆ ಬೇಕು. ತುಂಬಿದ ಡಿಸ್ಕ್‌ನಲ್ಲಿ ಮಾಡಬೇಡಿ.

ಫೋಟೊ ವಿಷಯ: ಫೋನಿನ 4000 ಪಿಕ್ಸೆಲ್ ಫೋಟೊ ಹಾಕಿದರೆ ಮೂಲ, 2560ರ ಪ್ರತಿ, ವರ್ಡ್‌ಪ್ರೆಸ್‌ನ ಆರು ಅಳತೆ, ವೂಕಾಮರ್ಸ್‌ನ ಮೂರು, ಒಟ್ಟು 11 ಫೈಲ್. 800 ಡಿಸೈನ್‌ಗೆ ಐದೈದು ಫೋಟೊ ಅಂದರೆ 44,000. ಫೋಟೊದ ಉದ್ದನೆಯ ಬದಿಯನ್ನು 1500 ಪಿಕ್ಸೆಲ್‌ಗೆ ಇಳಿಸಿ ಹಾಕಿದರೆ 2560, 2048, 1536ರ ಪ್ರತಿಗಳು ಹುಟ್ಟುವುದೇ ಇಲ್ಲ. ಬಟ್ಟೆಯ ನೇಯ್ಗೆ, ಹೊಲಿಗೆ ಕಾಣಲು ಅಷ್ಟು ಅಳತೆ ಧಾರಾಳ ಸಾಕು. ಹಳೇ ಫೋಟೊ ತೆಗೆಯುವುದಿದ್ದರೆ ಮೀಡಿಯಾ ಲೈಬ್ರರಿಯಿಂದಲೇ ತೆಗೆಯಿರಿ, ಆಗ ಹನ್ನೊಂದೂ ಹೋಗುತ್ತವೆ. ಫೈಲ್ ಮ್ಯಾನೇಜರ್‌ನಿಂದ ತೆಗೆದರೆ ಡೇಟಾಬೇಸ್‌ನಲ್ಲಿ ಹೆಸರು ಉಳಿದು, ಗಿರಾಕಿಗೆ ಖಾಲಿ ಚೌಕ ಕಾಣುತ್ತದೆ.

ಇಷ್ಟಾದ ಮೇಲೂ 7 ಜಿಬಿ ದಾಟಿದ್ದರೆ ದೊಡ್ಡ ಪ್ಲಾನ್ ತಗೊಳ್ಳಿ. ತಗೊಳ್ಳುವಾಗ ಜಿಬಿ ಜೊತೆ ಐನೋಡ್ ಮಿತಿ ಎಷ್ಟು ಅಂತ ಬರವಣಿಗೆಯಲ್ಲಿ ಕೇಳಿ.