ಸಿನಿಮಾ ನೋಡುವುದಕ್ಕೂ ಫೀಸೇ?

ಪೊನ್ನಂಪೇಟೆ ಕಡೆಯ ಕಾಫಿ ಬೆಳೆಗಾರರೊಬ್ಬರ ಪತ್ರ: ‘ಮಗಳು ದ್ವಿತೀಯ ಪಿಯುಸಿ ಮುಗಿಸಿದ್ದಾಳೆ. ಇಂಗ್ಲಿಷ್ ಸಾಹಿತ್ಯ, ಸಿನಿಮಾ ಎರಡನ್ನೂ ಸೇರಿಸಿ ಕಲಿಸುವ ಪದವಿಗೆ ಇಂಗ್ಲೆಂಡಿಗೆ ಹೋಗುತ್ತೇನೆಂದು ಹಟ ಹಿಡಿದಿದ್ದಾಳೆ. ಸಾಹಿತ್ಯವಾದರೆ ಮೇಷ್ಟರ ಕೆಲಸವಾದರೂ ಸಿಕ್ಕೀತು. ಸಿನಿಮಾ ನೋಡುವುದಕ್ಕೆ ಮೂರು ವರ್ಷ ಫೀಸು ಕಟ್ಟಬೇಕೇ?’

ಮಾನ್ಯರೇ,

ಕಾಫಿ ಕುಡಿಯುವುದನ್ನು ನಮಗೆ ಯಾರೂ ಕಲಿಸಲಿಲ್ಲ. ಆದರೆ ನಿಮ್ಮ ತೋಟದ ಕಾಫಿಯನ್ನು ಒಂದು ಗುಟುಕು ಬಾಯಿಗೆ ಹಾಕಿ, ಉಗುಳಿ, ಒಣಗಿಸುವಾಗ ಎಲ್ಲಿ ಎಡವಿದಿರಿ ಎಂದು ಹೇಳುವವರು ಅದನ್ನು ಕಲಿತೇ ಹೇಳುತ್ತಾರೆ. ನಿಮ್ಮ ಮಗಳು ಕೇಳುತ್ತಿರುವುದು ಆ ಬಗೆಯ ಕಲಿಕೆ. ಕ್ಯಾಮೆರಾ ಹಿಡಿಯಲು, ಎಡಿಟಿಂಗ್ ಮಾಡಲು ಕಲಿಯಬೇಕಾದರೆ ಪುಣೆಯಲ್ಲಿ 1960ರಿಂದಲೂ ಫಿಲ್ಮ್ ಇನ್‌ಸ್ಟಿಟ್ಯೂಟ್ ಇದೆ. ಅವಳ ದಾರಿ ಬೇರೆ.

ಒಂದು ಉದಾಹರಣೆ ಕೊಡುತ್ತೇನೆ, ತುಸು ಉದ್ದವಾದರೂ ಸಹಿಸಿಕೊಳ್ಳಿ. ಜಪಾನಿನ ನಿರ್ದೇಶಕ ಅಕಿರಾ ಕುರೊಸಾವಾ 1957ರಲ್ಲಿ, ದೊರೆಯನ್ನು ಕೊಂದು ತಾನೇ ಪಟ್ಟಕ್ಕೇರುವವನ ಕತೆಯಾದ ‘ಮ್ಯಾಕ್‌ಬೆತ್’ ನಾಟಕವನ್ನು ‘ಥ್ರೋನ್ ಆಫ್ ಬ್ಲಡ್’ ಎಂಬ ಸಿನಿಮಾ ಮಾಡಿದರು. ಷೇಕ್ಸ್‌ಪಿಯರನ ಒಂದು ಸಾಲೂ ಅದರಲ್ಲಿಲ್ಲ. ಮಾತಿನ ಜಾಗದಲ್ಲಿ ಮಂಜಿದೆ. ಫ್ಯೂಜಿ ಬೆಟ್ಟದ ತಪ್ಪಲಿನ ಆ ಮಂಜಿನಲ್ಲಿ ಇಬ್ಬರು ಸವಾರರು ದಾರಿ ತಪ್ಪಿ ಅತ್ತಿಂದಿತ್ತ ಸುತ್ತುತ್ತಲೇ ಇರುತ್ತಾರೆ. (ಮಳೆಗಾಲದಲ್ಲಿ ಮಡಿಕೇರಿ ಘಾಟಿ ಇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಕೊನೆಯಂತೂ ಪೂರಾ ಬೇರೆ. ನಾಟಕದಲ್ಲಿ ಮ್ಯಾಕ್‌ಬೆತ್‌ನನ್ನು ಕೊಲ್ಲುವವನು ಮ್ಯಾಕ್‌ಡಫ್, ಹೆಂಡತಿ ಮಕ್ಕಳನ್ನು ಆ ಮ್ಯಾಕ್‌ಬೆತ್‌ನಿಂದಲೇ ಕಳೆದುಕೊಂಡವನು. ಸಿನಿಮಾದಲ್ಲಿ ಸ್ವಂತ ಸೈನಿಕರೇ ಬಾಣಗಳ ಮಳೆ ಸುರಿಸಿ ಕೊಲ್ಲುತ್ತಾರೆ. ಒಂದರಲ್ಲಿ ಸೇಡು ತೀರುತ್ತದೆ. ಇನ್ನೊಂದರಲ್ಲಿ ದ್ರೋಹದಿಂದ ಪಟ್ಟಕ್ಕೇರಿದವನಿಗೆ ಮತ್ತೆ ದ್ರೋಹವೇ ಸಿಗುತ್ತದೆ. ಈ ವ್ಯತ್ಯಾಸ ಕಾಣಬೇಕಾದರೆ ನಾಟಕವನ್ನು ಸಾಲು ಸಾಲಾಗಿ ಓದಿರಬೇಕು. ಓದು ತಪ್ಪಿಸಿಕೊಳ್ಳಲು ಸಿನಿಮಾ ಹಿಡಿದವರಿಗೆ ಈ ಪದವಿಯಲ್ಲಿ ಓದು ಎರಡರಷ್ಟಾಗುತ್ತದೆ, ಮಗಳಿಗೆ ಮೊದಲೇ ಹೇಳಿಬಿಡಿ.

ಇವೆರಡರ ನಂಟೂ ನಿನ್ನೆ ಮೊನ್ನೆಯದಲ್ಲ. ರಷ್ಯಾದ ನಿರ್ದೇಶಕ ಐಸೆನ್‌ಸ್ಟೈನ್ 1944ರಲ್ಲೇ ಇಂಗ್ಲಿಷ್ ಕಾದಂಬರಿಕಾರ ಡಿಕನ್ಸ್ ಬಗ್ಗೆ ಒಂದು ಪ್ರಬಂಧ ಬರೆದರು. ಡಿಕನ್ಸನ ಕತೆಯೊಂದು ಒಲೆಯ ಮೇಲಿನ ಕೆಟಲ್‌ನಿಂದ ಶುರುವಾಗುತ್ತದೆ. ಕ್ಲೋಸಪ್ ಎಂದರೆ ಇದೇ ಅಲ್ಲವೇ ಎನ್ನುತ್ತಾರೆ ಅವರು. ಅಮೆರಿಕದ ಮೂಕಿ ಚಿತ್ರಗಳ ನಿರ್ದೇಶಕ ಗ್ರಿಫಿತ್ ಕತೆ ಹೆಣೆಯುವ ವಿದ್ಯೆ ಕಲಿತದ್ದು ಕಾದಂಬರಿಯಿಂದ ಎಂಬುದು ಅವರ ವಾದ.

ಕೆಲಸದ ಪ್ರಶ್ನೆಗೆ ಸುಳ್ಳು ಭರವಸೆ ಕೊಡಲಾರೆ. ಪಾಠ, ಪತ್ರಿಕೆ, ಸಬ್‌ಟೈಟಲ್, ಚಿತ್ರಕತೆ ಓದಿ ಅಭಿಪ್ರಾಯ ಬರೆಯುವ ಕೆಲಸ ಇವೆಲ್ಲ ಉಂಟು. ಖಾತರಿ ಯಾವುದಕ್ಕೂ ಇಲ್ಲ. ಹಾಗಾಗಿ ಈಗ ಕಾಫಿಗೆ ಬೆಲೆ ಇದೆಯೆಂದು ತೋಟದ ಮೇಲೆ ಸಾಲ ಎತ್ತಬೇಡಿ. ಬೆಲೆಯ ಆಟ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಇಲ್ಲೇ ಐಚ್ಛಿಕ ಇಂಗ್ಲಿಷ್ ತೆಗೆದುಕೊಂಡು ಬಿ.ಎ. ಮುಗಿಸಲಿ. ಆಮೇಲೆ ಸಿನಿಮಾ ಅಧ್ಯಯನದಲ್ಲಿ ಎಂ.ಎ. ಮಾಡಲು ಕೋಲ್ಕತ್ತದ ಜಾದವಪುರ ವಿಶ್ವವಿದ್ಯಾಲಯ ಇದೆ, ಅಲ್ಲಿ 1993ರಿಂದ ಅದಕ್ಕೆಂದೇ ಪ್ರತ್ಯೇಕ ವಿಭಾಗವಿದೆ. ಅಷ್ಟರ ನಂತರವೂ ಇಂಗ್ಲೆಂಡೇ ಬೇಕೆನಿಸಿದರೆ ಸ್ಕಾಲರ್‌ಶಿಪ್ ಹುಡುಕಿಕೊಳ್ಳುವಷ್ಟು ಬುದ್ಧಿ ಬಂದಿರುತ್ತದೆ.

ಈಗ ನನ್ನದೊಂದು ತಕರಾರು, ಅದು ನಿಮ್ಮ ಮಗಳ ಜೊತೆ. ನಮ್ಮ ಕೊಡಗಿನವರೇ ಆದ ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ ಕಾದಂಬರಿಯನ್ನು ಪುಟ್ಟಣ್ಣ ಕಣಗಾಲ್ 1973ರಲ್ಲಿ ಸಿನಿಮಾ ಮಾಡಿದರು. ಭಾರತೀಸುತರದೇ ‘ಹುಲಿಯ ಹಾಲಿನ ಮೇವು’ 1979ರಲ್ಲಿ ರಾಜಕುಮಾರ್ ಚಿತ್ರವಾಯಿತು, ಅದನ್ನು ನೀವೂ ನೋಡಿರುತ್ತೀರಿ. ಲಂಡನ್ನಿನ ಬೀದಿಗಳನ್ನು ಪುಸ್ತಕದಲ್ಲೂ ಪರದೆಯಲ್ಲೂ ಹುಡುಕುವ ಮೊದಲು ಅವಳು ಇವುಗಳಲ್ಲಿ ಒಂದನ್ನಾದರೂ ಓದಿ, ಆಮೇಲೆ ನೋಡಿದ್ದಾಳೆಯೇ? ಇಲ್ಲವಾದರೆ ಈ ಮಳೆಗಾಲದಲ್ಲಿ ಆಗಲಿ. ಸಿನಿಮಾ ಪುಸ್ತಕಕ್ಕೆ ನಿಷ್ಠವಾಗಿದೆಯೇ ಎಂಬ ಸವಕಲು ಪ್ರಶ್ನೆ ಬೇಡ. ಪುಸ್ತಕದ ಒಂದೇ ಒಂದು ಸನ್ನಿವೇಶ ತೆಗೆದುಕೊಂಡು, ಅಲ್ಲಿ ಲೇಖಕರು ಮಾತಿನಲ್ಲಿ ಹೇಳಿದ್ದನ್ನು ನಿರ್ದೇಶಕರು ಬೆಳಕು, ಹಾಡು, ಮೌನ ಯಾವುದರಲ್ಲಿ ಹೇಳಿದ್ದಾರೆಂದು ಎರಡು ಪುಟ ಬರೆಯಲಿ. ಮೊದಲು ನೀವು ಓದಿ, ಆಮೇಲೆ ನಮಗೆ ಕಳುಹಿಸಿ. ಚೆನ್ನಾಗಿದ್ದರೆ ಅಚ್ಚು ಹಾಕುತ್ತೇವೆ.

– ಸಂ.