ಗಾಡಿ ಮಾತು: ದಪ್ಪ ಟೈರಿಗೆ ಗಾಳಿ ಎಷ್ಟು?

ಪ್ರಶ್ನೆ: ನನ್ನದು 240 ಕೆ.ಜಿ. ತೂಗುವ ಕ್ರೂಸರ್ ಬೈಕ್. ಹಿಂದಿನ ಟೈರಿನ ಪಕ್ಕದಲ್ಲಿ 41 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಎಂದು ಅಚ್ಚಾಗಿದೆ. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಒಬ್ಬರೇ ಕೂತರೆ 32, ಇಬ್ಬರಾದರೆ 36 ಎಂದಿದೆ. ಗಾಳಿ ಹಾಕುವವನು ‘ದಪ್ಪ ಟೈರು ಸಾರ್, 28 ಸಾಕು, ಮೆತ್ತಗಿರುತ್ತೆ’ ಅನ್ನುತ್ತಾನೆ. ಗೆಳೆಯ 41 ತುಂಬಿಸು ಅನ್ನುತ್ತಾನೆ. ಯಾರ ಮಾತು ಕೇಳಲಿ?

ಉತ್ತರ: ಪುಸ್ತಕದ ಮಾತು ಕೇಳಿ. ಪುಸ್ತಕ ಕಳೆದುಹೋಗಿದ್ದರೆ ಸ್ವಿಂಗ್ ಆರ್ಮ್ (ಹಿಂದಿನ ಚಕ್ರ ಹಿಡಿದಿರುವ ತೋಳು) ಮೇಲೋ ಚೈನ್ ಕವರ್ ಮೇಲೋ ಒಂದು ಸ್ಟಿಕ್ಕರ್ ಇರುತ್ತದೆ, ಧೂಳು ಒರೆಸಿ ನೋಡಿ.

ನಿಮ್ಮ ಗೆಳೆಯ ಓದಿದ 41 ಆ ಟೈರಿನ ಗರಿಷ್ಠ ಮಿತಿ. ಅಂದರೆ ಟೈರು ತನ್ನ ಪೂರ್ತಿ ಭಾರ ಹೊರಬೇಕಾದಾಗ, ತಣ್ಣಗಿರುವಾಗ ಅಳೆದರೆ ಇರಬೇಕಾದ ಗಾಳಿ. ಅಲ್ಲೇ ಸೈಜಿನ ಪಕ್ಕ 71 ಎಂಬ ಅಂಕಿ ಇದ್ದರೆ ಅದು ಭಾರದ ಸಂಕೇತ, ಆ ಒಂದು ಟೈರು 345 ಕೆ.ಜಿ. ಹೊರಬಲ್ಲದು ಎಂದರ್ಥ. ನಿಮ್ಮ ಹಿಂದಿನ ಚಕ್ರದ ಮೇಲೆ ಅಷ್ಟು ಭಾರ ಎಲ್ಲಿ ಬೀಳುತ್ತದೆ? ಟೈರು ಮಾಡಿದವನಿಗೆ ಅದು ಯಾವ ಬೈಕಿಗೆ ಹೋಗುತ್ತದೆಂದು ಗೊತ್ತಿಲ್ಲ. ಬೈಕು ಮಾಡಿದವನಿಗೆ ಗೊತ್ತು.

ಇನ್ನು 28ರ ವಿಷಯ. ಕ್ರೂಸರಿನವರೇ ಈ ಆಸೆಗೆ ಹೆಚ್ಚು ಬೀಳುವುದನ್ನು ನಾನು ವರ್ಕ್‌ಶಾಪಿನಲ್ಲಿ ನೋಡುತ್ತಲೇ ಇದ್ದೇನೆ, ಅದಕ್ಕೆ ಕಾರಣವೂ ಇದೆ. ಸೀಟು ತಗ್ಗು, ಕಾಲು ಮುಂದಕ್ಕೆ ಚಾಚಿರುತ್ತದೆ, ಮೈಭಾರವೆಲ್ಲ ಸೊಂಟದ ಮೇಲೆ. ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಲು ಜಾಗ ಕಡಿಮೆ. ಗುಂಡಿಗೆ ಇಳಿದರೆ ನೇರ ಬೆನ್ನುಮೂಳೆಗೆ ಏಟು. ಆಗ ಸುಲಭವಾಗಿ ಕೈಗೆ ಸಿಗುವುದು ಗಾಳಿ, ಇಳಿಸಿಬಿಡುತ್ತಾರೆ. ಮೆತ್ತಗೂ ಆಗುತ್ತದೆ, ಸುಳ್ಳಲ್ಲ. ಆದರೆ ಗಾಳಿ ಕಡಿಮೆಯಾದ ಟೈರಿನ ಪಕ್ಕ ಪ್ರತಿ ಸುತ್ತಿಗೂ ಹೆಚ್ಚು ಮಡಚಿ ಬಿಚ್ಚಿಕೊಳ್ಳುತ್ತದೆ. ಕಬ್ಬಿಣದ ತಂತಿಯನ್ನು ಹಿಂದೆ ಮುಂದೆ ಬಗ್ಗಿಸಿದರೆ ಬಿಸಿಯಾಗುತ್ತದಲ್ಲ, ಹಾಗೆ ಒಳಗೇ ಕಾಯುತ್ತದೆ. ಇಬ್ಬರು ಕೂತು, ಬ್ಯಾಗು ಕಟ್ಟಿ, ಬಿಸಿಲಿನಲ್ಲಿ ಹೆದ್ದಾರಿ ಹಿಡಿದರೆ ಆ ಶಾಖ ಟೈರಿನ ಪದರಗಳನ್ನೇ ಬಿಡಿಸಬಹುದು. ಅಷ್ಟಕ್ಕೆ ಹೋಗದಿದ್ದರೂ ತಿರುವಿನಲ್ಲಿ ಹಿಂಭಾಗ ತೂಗಾಡುತ್ತದೆ, ಹ್ಯಾಂಡಲ್ ಭಾರ ಅನ್ನಿಸುತ್ತದೆ, ಟೈರಿನ ಎರಡೂ ಅಂಚು ಮೊದಲು ಸವೆಯುತ್ತವೆ.

41 ಹಾಕಿದರೆ ಬೇರೆ ಥರದ ನಷ್ಟ. ರಸ್ತೆಗೆ ತಾಗುವ ರಬ್ಬರ್ ಕಿರಿದಾಗುತ್ತದೆ, ಒದ್ದೆಯಲ್ಲಿ ಹಿಡಿತ ಕಡಿಮೆ, ಉಬ್ಬಿನ ಮೇಲೆ ಚಕ್ರ ಪುಟಿಯುತ್ತದೆ. ಕ್ರೂಸರ್ ಹೇಗೂ ನೇರ ರಸ್ತೆಯಲ್ಲೇ ಹೆಚ್ಚು ಓಡುವ ಗಾಡಿ, ನಡುಭಾಗ ಮೊದಲೇ ಚಪ್ಪಟೆಯಾಗುತ್ತದೆ. ನೀವು ಅದಕ್ಕೆ ಅವಸರ ಮಾಡಿದಂತೆ.

ಸೊಂಟ ನೋಯುತ್ತಿದ್ದರೆ ಶಾಕ್ ಅಬ್ಸಾರ್ಬರಿನ ಪ್ರಿಲೋಡ್ (ಸ್ಪ್ರಿಂಗಿನ ಬಿಗಿ) ನಿಮ್ಮ ತೂಕಕ್ಕೆ ಹೊಂದಿಸಿಕೊಳ್ಳಿ. ಅದಕ್ಕೂ ಬಗ್ಗದಿದ್ದರೆ ಸೀಟು ಬದಲಿಸಿ. ಗಾಳಿಯನ್ನು ಅದರ ಪಾಡಿಗೆ ಬಿಡಿ.

ಪ್ರಶ್ನೆ: ಬೆಳಿಗ್ಗೆ ಹಿಂದಿನ ಟೈರಿಗೆ 36 ಹಾಕಿ ಹೊರಟೆ. ಮಧ್ಯಾಹ್ನ ನಿಲ್ಲಿಸಿ ನೋಡಿದರೆ ಗೇಜು 40 ತೋರಿಸಿತು. ನಾಲ್ಕು ಇಳಿಸಿದೆ. ಸರಿ ತಾನೆ?

ಉತ್ತರ: ಸರಿಯಲ್ಲ. ಪುಸ್ತಕದ ಅಂಕಿ ತಣ್ಣಗಿರುವ ಟೈರಿನದು, ಅಂದರೆ ಗಾಡಿ ಮೂರು ಗಂಟೆಯಾದರೂ ನಿಂತಿರಬೇಕು. ಓಡಿದ ಮೇಲೆ ನಾಲ್ಕು ಏರುವುದು ಸಹಜ, ಅದನ್ನು ಲೆಕ್ಕ ಹಾಕಿಯೇ 36 ಎಂದಿರುತ್ತಾರೆ. ನೀವು ಬಿಸಿಯಲ್ಲಿ ಇಳಿಸಿದ್ದರಿಂದ ಮರುದಿನ ಬೆಳಿಗ್ಗೆ ಟೈರಿನಲ್ಲಿ 32 ಉಳಿದಿರುತ್ತದೆ. ಏರಿಕೆ ಏಳೆಂಟು ದಾಟಿದರೆ ಮಾತ್ರ ಯೋಚಿಸಿ: ಭಾರಕ್ಕೆ ಗಾಳಿ ಸಾಲದೆ ಟೈರು ಕಾಯುತ್ತಿದೆ. ಆಗಲೂ ಮದ್ದು ಇಳಿಸುವುದಲ್ಲ, ತಣ್ಣಗಾದ ಮೇಲೆ ಅಳೆದು ತುಂಬಿಸುವುದು.

ಗಾಳಿ ಹಾಕುವ ಜಾಗ ದೂರವಿದ್ದರೆ ಮನೆಯಲ್ಲೇ ಅಳೆಯಿರಿ. ಮೂರು ಕಡಿಮೆ ಇದೆ ಅಂದುಕೊಳ್ಳಿ. ಅಲ್ಲಿಗೆ ಹೋದಾಗ ಗೇಜು ಎಷ್ಟು ತೋರಿಸುತ್ತದೋ ಅದಕ್ಕೆ ಮೂರು ಸೇರಿಸಿ. ಸ್ವಂತ ಗೇಜು ಒಂದಿರಲಿ, ಯಾವಾಗಲೂ ಅದರಲ್ಲೇ ಅಳೆಯಿರಿ. ನನ್ನ ಹತ್ತಿರ ಎರಡಿವೆ, ಒಂದೇ ಟೈರಿಗೆ ಎರಡು ಉತ್ತರ ಕೊಡುತ್ತವೆ! ಚಳಿ ಶುರುವಾದಾಗಲೂ ನೋಡಿ. ವಾತಾವರಣ 5–6 ಡಿಗ್ರಿ ಸೆಲ್ಸಿಯಸ್ ಇಳಿದರೆ ಸುಮಾರು 1 ಪಿಎಸ್‌ಐ ಇಳಿಯುತ್ತದೆ.

ಪ್ರಶ್ನೆ: ನೈಟ್ರೋಜನ್ ಹಾಕಿಸಿದರೆ ಪದೇ ಪದೇ ನೋಡುವ ಗೋಜು ಇರುವುದಿಲ್ಲವಂತೆ?

ಉತ್ತರ: ಮಾಮೂಲಿ ಗಾಳಿಯಲ್ಲೇ ಶೇ 78 ನೈಟ್ರೋಜನ್ ಇದೆ. ಸೋರುವುದು ಕೊಂಚ ನಿಧಾನವಾಗಬಹುದು, ಅಷ್ಟೆ. ನೋಡುವ ಗೋಜು ತಪ್ಪುವುದಿಲ್ಲ.

ಪ್ರಶ್ನೆ: ಕಡ್ಡಿ ಚಕ್ರದ ಕ್ರೂಸರ್, ಒಳಗೆ ಟ್ಯೂಬ್. ಪಂಕ್ಚರ್ ಇಲ್ಲ, ಆದರೂ ವಾರ ವಾರ ಗಾಳಿ ಇಳಿಯುತ್ತದೆ. ವಾಲ್ವ್ ಕೂಡ ಸ್ವಲ್ಪ ವಾಲಿದೆ.

ಉತ್ತರ: ಟ್ಯೂಬಿನಿಂದ ಗಾಳಿ ತುಸು ಬೇಗ ಸೋರುವುದುಂಟು. ವಾಲ್ವ್ ಬಾಯಿಗೆ ಸೋಪಿನ ನೀರು ಸವರಿ, ಗುಳ್ಳೆ ಬಂದರೆ ಒಳಗಿನ ಪಿನ್ನು ಬದಲಿಸಿದರೆ ಮುಗಿಯಿತು. ನನಗೆ ದಿಗಿಲಾಗಿದ್ದು ನಿಮ್ಮ ಕೊನೆಯ ವಾಕ್ಯ ಓದಿ. ಗಾಳಿ ಕಡಿಮೆ ಇಟ್ಟು ಓಡಿಸಿದಾಗ ಟೈರು ರಿಮ್ಮಿನ ಮೇಲೆ ಜಾರುತ್ತದೆ, ಟ್ಯೂಬನ್ನೂ ಎಳೆದುಕೊಂಡು ಹೋಗುತ್ತದೆ. ವಾಲ್ವ್ ವಾಲುವುದು ಅದಕ್ಕೇ. ಬುಡದಲ್ಲಿ ಹರಿದರೆ ಗಾಳಿ ಒಮ್ಮೆಲೇ ಹೋಗುತ್ತದೆ, ಹ್ಯಾಂಡಲ್ ಹಿಡಿಯಲು ಸಮಯ ಸಿಗುವುದಿಲ್ಲ. ಚಕ್ರ ಬಿಚ್ಚಿಸಿ ವಾಲ್ವ್ ನೆಟ್ಟಗೆ ಕೂರಿಸಿ, ಟ್ಯೂಬಿನ ಬುಡ ಹಿಗ್ಗಿದ್ದರೆ ಹೊಸದು ಹಾಕಿಸಿ. ಅಲ್ಲಿಯವರೆಗೆ ಗಾಡಿ ಹೊರಗೆ ತೆಗೆಯಬೇಡಿ.