ಹಸಿರು ಚುಕ್ಕಿಯ ಸೂಪಿನಲ್ಲಿ ಮೀನು

ಪ್ರಶ್ನೆ: ಬಡ್ತಿ ಸಿಕ್ಕಿತೆಂದು ಮಗ ನಮ್ಮನ್ನು ಲೋವರ್ ಪರೇಲ್‌ನ ಒಂದು ಜಪಾನಿ ರೆಸ್ಟೋರೆಂಟಿಗೆ ಕರೆದುಕೊಂಡು ಹೋದ. ಮೆನುವಿನಲ್ಲಿ ಹಸಿರು ಚುಕ್ಕಿ ನೋಡಿಯೇ ಮಿಸೊ ಸೂಪ್ ಹೇಳಿದೆವು. ಅರ್ಧ ಕುಡಿದ ಮೇಲೆ ಮಗನಿಗೆ ಯಾಕೋ ಅನುಮಾನ ಬಂದು ಕೇಳಿದ. ‘ಮೀನಿನ ತುಂಡಿಲ್ಲ ಸರ್, ಸ್ಟಾಕ್ ಮಾತ್ರ ಮೀನಿನದು’ ಅಂದ ಸಪ್ಲೈಯರ್! ನಮ್ಮೆಜಮಾನರು ಎದ್ದು ಬಾಯಿ ತೊಳೆದು ಬಂದವರು ಮತ್ತೆ ಏನೂ ಮುಟ್ಟಲಿಲ್ಲ. ಆಮೇಲೆ ಬಂದ ಸೋಬಾ ನೂಡಲ್ಸ್ ತಣ್ಣಗೆ ಕೊರೆಯುತ್ತಿತ್ತು. ಮೇಲೆ ಶೇ. 10 ಸರ್ವಿಸ್ ಚಾರ್ಜ್ ಬೇರೆ. ಸುಮ್ನೆ ಕೊಟ್ಟು ಬಂದೆವು. ಈಗ ಏನಾದರೂ ಮಾಡಬಹುದೇ?
– ಓದುಗರು, ಡೊಂಬಿವ್ಲಿ

ಉತ್ತರ: ಮೊದಲು ಸೋಬಾ ವಿಷಯ ಮುಗಿಸಿಬಿಡೋಣ. ಅದರಲ್ಲಿ ಹೋಟೆಲಿನವರ ತಪ್ಪಿಲ್ಲ. ಬಿಸಿ ರಸದಲ್ಲಿ ಕೊಡುವ ಸೋಬಾ ಬೇರೆ. ಜಾರು ಸೋಬಾ ಅಂದರೆ ಬೇಯಿಸಿ, ತಣ್ಣೀರಲ್ಲಿ ತೊಳೆದು, ಬಿದಿರಿನ ತಟ್ಟೆಯಲ್ಲಿ ತಣ್ಣಗೇ ಕೊಡುವುದು. ಅದ್ದಿಕೊಂಡು ತಿನ್ನಲು ಪಕ್ಕದಲ್ಲಿ ಸಣ್ಣ ಬಟ್ಟಲು ಇಟ್ಟಿದ್ದರು ಅಲ್ವಾ? ಅದರಲ್ಲೂ ಸಾಮಾನ್ಯವಾಗಿ ಅದೇ ಮೀನಿನ ರಸ ಇರುತ್ತದೆ. ನಿಮ್ಮ ಹೊಟ್ಟೆ ಉರಿಸಲು ಹೇಳುತ್ತಿಲ್ಲ, ಮುಂದೆ ಗೊತ್ತಿರಲಿ ಅಂತ.

ಸೂಪಿನ ವಿಷಯದಲ್ಲಿ ಮಾತ್ರ ನಿಮ್ಮ ಸಿಟ್ಟು ನೂರಕ್ಕೆ ನೂರು ಸರಿ. ಜಪಾನಿ ಅಡುಗೆಯ ಬುಡವೇ ದಾಶಿ ಎಂಬ ತಿಳಿ ರಸ. ಕೊಂಬು ಎಂಬ ಕಡಲಪಾಚಿ, ಜೊತೆಗೆ ಹೊಗೆಯಲ್ಲಿ ಒಣಗಿಸಿ ತೆಳ್ಳಗೆ ಹೆರೆದ ಬೊನಿಟೊ ಮೀನು, ಇವುಗಳಿಂದ ಅದನ್ನು ತೆಗೆಯುವುದೇ ಹೆಚ್ಚು ರೂಢಿ. ಸೋಸಿದ ಮೇಲೆ ಕಣ್ಣಿಗೆ ಏನೂ ಕಾಣುವುದಿಲ್ಲ. ಕಾಣದಿದ್ದರೆ ಹಸಿರು ಚುಕ್ಕಿ ಹಾಕಿಬಿಡಬಹುದಾ? ಮಾಟುಂಗಾದ ಹೋಟೆಲೊಂದರ ಗಲ್ಲಾದಲ್ಲಿ ಕೂತೇ ತಲೆ ಬೆಳ್ಳಗಾದವನು ನಾನು. ನಮ್ಮ ಭಟ್ಟರು ಪಲ್ಯಕ್ಕೆ ಒಂದು ಎಸಳು ಬೆಳ್ಳುಳ್ಳಿ ಹಾಕಿದ್ದರೂ ಕೇಳಿದವರಿಗೆ ಹೇಳಲೇಬೇಕಿತ್ತು. ‘ಎಸಳಿಲ್ಲ, ರಸ ಮಾತ್ರ’ ಅಂದಿದ್ದರೆ ಗಿರಾಕಿಗಳು ನಮ್ಮನ್ನು ಬಿಡುತ್ತಿದ್ದರೇ!

‘ಜಪಾನಿನಲ್ಲಿ ಹೀಗೇ’ ಎಂಬ ನೆಪವೂ ನಡೆಯುವುದಿಲ್ಲ. ಅಲ್ಲಿನ ಬೌದ್ಧ ಮಠಗಳ ಶೋಜಿನ್ ರಿಯೋರಿ ಅಡುಗೆಯಲ್ಲಿ ಮೀನು, ಮಾಂಸ ಇಲ್ಲ. ಈರುಳ್ಳಿ, ಬೆಳ್ಳುಳ್ಳಿಯೂ ಇಲ್ಲ. ಕೊಂಬು ಮತ್ತು ಒಣ ಶಿಟಾಕೆ ಅಣಬೆಯಲ್ಲೇ ದಾಶಿ ಮಾಡುತ್ತಾರೆ. ಇನ್ನೊಮ್ಮೆ ಹೋದರೆ ‘ವೆಜ್ಜಾ?’ ಅಂತ ಕೇಳಬೇಡಿ, ‘ದಾಶಿ ಯಾವುದರದು?’ ಅಂತ ಕೇಳಿ. ಹಿಟ್ಟಿನಲ್ಲಿ ಅದ್ದಿ ಕರಿದ ತೆಂಪುರಾ ಜೊತೆ ಕೊಡುವ ಸಾಸಿಗೂ ಇದೇ ಪ್ರಶ್ನೆ.

ಇನ್ನು ದುಡ್ಡು. ಬಿಲ್ಲಿಗೆ ತಾವಾಗಿಯೇ ಸರ್ವಿಸ್ ಚಾರ್ಜ್ ಸೇರಿಸಬಾರದು ಎಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈಯಲ್ಲೇ ಹೇಳಿದೆ. ಹೋಟೆಲಿನವರ ಸಂಘಗಳು ಕೋರ್ಟಿಗೆ ಹೋದವು. 2025ರ ಮಾರ್ಚ್‌ನಲ್ಲಿ ದೆಹಲಿ ಹೈಕೋರ್ಟ್ ಪ್ರಾಧಿಕಾರದ ಮಾತನ್ನೇ ಎತ್ತಿಹಿಡಿಯಿತು. ಬಿಲ್ ಇಟ್ಟುಕೊಂಡಿದ್ದರೆ ಅದರ ಫೋಟೊ ಹಾಕಿ ಮ್ಯಾನೇಜರಿಗೆ ಬರೆಯಿರಿ, ಆ ಹಣ ವಾಪಸ್ ಕೇಳಿ. ಕೊಡದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ. ಹಸಿರು ಚುಕ್ಕಿಯದು ಬೇರೆ ದೂರು, ಅದು ರಾಜ್ಯದ ಆಹಾರ ಮತ್ತು ಔಷಧ ಆಡಳಿತಕ್ಕೆ (ಎಫ್‌ಡಿಎ). ಬಿಲ್ಲಿನ ಮೇಲಿರುವ 14 ಅಂಕಿಯ ಆಹಾರ ಲೈಸೆನ್ಸ್ ನಂಬರನ್ನು ಅದರಲ್ಲಿ ಬರೆಯಿರಿ. ಸಪ್ಲೈಯರ್ ಹುಡುಗನ ಹೆಸರು ಮಾತ್ರ ಹಾಕಬೇಡಿ. ಕೇಳಿದಾಗ ನಿಜ ಹೇಳಿದವನು ಅವನೊಬ್ಬನೇ.